ಹಲೋ... ನಮ್ಮ ಮಾತು ಕೇಳಸಾಕತ್ತೈತೇನ್ರೀ?

ಈಗ ಕೆಲಸದ ಸಂದರ್ಶನ ಶುರುವಾಗುವುದು ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಯಿಂದಲ್ಲ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇರುತ್ತದೆ: ‘ಸರ್, ಆಮ್ ಐ ಆಡಿಬಲ್?’ ಇದನ್ನು ಕೇಳುವವರು ನಾವೇ. ಆ ಕಡೆಯಿಂದ ‘ಯೆಸ್’ ಎಂದು ಬಂದರೆ ಅರ್ಧ ಜೀವ ಬಂದಂತೆ. ‘ನಿಮ್ಮ ವಾಯ್ಸ್ ಸರಿಯಾಗಿ ಬರ್ತಿಲ್ಲ’ ಎಂದರೆ ಮುಗಿಯಿತು, ರಾತ್ರಿಯೆಲ್ಲ ಓದಿದ್ದು ಅಲ್ಲೇ ಮರೆತುಹೋಗುತ್ತದೆ.

ಬಾಗಲಕೋಟೆಯಿಂದ ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. ಬಸ್ ಚಾರ್ಜು, ಊಟ, ಯಾರ ರೂಮಿನಲ್ಲಿ ಇಳಿದುಕೊಳ್ಳುವುದು ಎಂಬ ಚಿಂತೆ ಎಲ್ಲವನ್ನೂ ಆನ್‌ಲೈನ್ ಕರೆ ಉಳಿಸಿದೆ. 2020ರ ಲಾಕ್‌ಡೌನಿನಲ್ಲಿ ಅನಿವಾರ್ಯವಾಗಿ ಬಂದದ್ದು ಈಗ ರೂಢಿಯಾಗಿದೆ. ಮೊದಲ ಸುತ್ತಿನ ಸಂದರ್ಶನ, ಇಂಟರ್ನ್‌ಶಿಪ್ ಮಾತುಕತೆ, ಪ್ರಾಜೆಕ್ಟ್ ರಿವ್ಯೂ ಎಲ್ಲವೂ ಕರೆಯಲ್ಲೇ. ನಮ್ಮಂಥ ಊರುಗಳ ಹುಡುಗರಿಗೆ ಇದು ಒಳ್ಳೆಯದೇ. ಆದರೆ ಒಂದು ಷರತ್ತಿದೆ. ನಾವು ಆಡಿದ ಮಾತು ಅವರಿಗೆ ಕೇಳಿಸಬೇಕು.

‘ಒಬ್ಬರು ಮಾತನಾಡಲೇ ಇಲ್ಲ’

ನಮ್ಮದು ನಾಲ್ವರ ತಂಡ. ನಾನು ಬಾಗಲಕೋಟೆಯವನು. ಉಳಿದವರಲ್ಲಿ ಒಬ್ಬ ಬಾದಾಮಿಯವನು, ಒಬ್ಬ ಹುನಗುಂದದವನು, ಒಬ್ಬಳು ಇಳಕಲ್ಲಿನವಳು. ನಮ್ಮ ಜಿಲ್ಲೆಯಲ್ಲಿ ದಾಳಿಂಬೆ ತೋಟಗಳು ಸಾಕಷ್ಟಿವೆ. ಮಣ್ಣಿನ ತೇವಾಂಶ ಅಳೆದು, ಬೇಕಾದಾಗ ಮಾತ್ರ ಹನಿ ನೀರಾವರಿಯ ಮೋಟಾರು ಚಾಲೂ ಮಾಡುವ ಸಣ್ಣ ಸಾಧನ ನಮ್ಮ ಮಿನಿ ಪ್ರಾಜೆಕ್ಟ್. ಅದರ ಪ್ರೋಗ್ರಾಮನ್ನು ಬಹುಪಾಲು ಬರೆದವಳು ಇಳಕಲ್ಲಿನ ಗೆಳತಿ. ಅವಳದು ಮೆಲುದನಿ. ಕ್ಲಾಸಿನಲ್ಲಿ ಹಾಜರಿ ಹೇಳಿದರೆ ಮುಂದಿನ ಬೆಂಚಿಗೂ ಕೇಳಿಸುವುದಿಲ್ಲ.

ಬೆಂಗಳೂರಿನ ಒಂದು ಕಂಪನಿ ಇಂಟರ್ನ್‌ಶಿಪ್‌ಗಾಗಿ ನಮ್ಮ ತಂಡದೊಂದಿಗೆ ಮಾತನಾಡಲು ಒಪ್ಪಿತು. ನಾಲ್ವರೂ ಒಂದೇ ಕೋಣೆಯಲ್ಲಿ ಕುಳಿತು, ಮೇಜಿನ ನಡುವೆ ಮೊಬೈಲ್ ಇಟ್ಟು ಸ್ಪೀಕರ್ ಆನ್ ಮಾಡಿದೆವು. ನಲವತ್ತು ನಿಮಿಷದ ಮಾತುಕತೆಯಲ್ಲಿ ಗೆಳತಿ ಮೂರು ಸಲ ಉತ್ತರಿಸಿದಳು. ಅವಳು ‘ಫಿಫ್ಟೀನ್ ಪರ್ಸೆಂಟ್’ ಎಂದಿದ್ದು ಅವರಿಗೆ ‘ಫಿಫ್ಟಿ’ ಎಂದು ಕೇಳಿಸಿ, ಅದರ ಮೇಲೆಯೇ ಐದು ನಿಮಿಷ ಚರ್ಚೆ ನಡೆಯಿತು. ನಾಲ್ಕು ದಿನದ ನಂತರ ಬಂದ ಅಭಿಪ್ರಾಯದಲ್ಲಿ ಒಂದು ಸಾಲಿತ್ತು: ತಂಡದ ಒಬ್ಬ ಸದಸ್ಯೆ ಚರ್ಚೆಯಲ್ಲಿ ಭಾಗವಹಿಸಲಿಲ್ಲ.

ಅವಳು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಅಳಲಿಲ್ಲ. ‘ನಾ ಹೇಳಿದ್ದು ತಪ್ಪು ಅಂದಿದ್ರ ತಿದ್ಕೋತಿದ್ದೆ. ಹೇಳೇ ಇಲ್ಲ ಅಂದ್ರ ಏನ್ ತಿದ್ಕೋಬೇಕು?’ ಎಂದಳು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ವಿಭಾಗದ ಮೇಡಂ ವಿಷಯ ತಿಳಿದು ಕಂಪನಿಗೆ ಪತ್ರ ಬರೆದರು. ಎರಡು ವಾರದ ನಂತರ ಇನ್ನೊಮ್ಮೆ ಮಾತನಾಡಲು ಅವರು ಒಪ್ಪಿದರು. ಮೇಡಂ ಕಪಾಟು ತೆಗೆದು ಕರಿ ಬಣ್ಣದ ಒಂದು ದುಂಡನೆ ಡಬ್ಬಿ ಕೈಗಿಟ್ಟರು. ‘ಆನ್‌ಲೈನ್ ಕ್ಲಾಸಿನ ಕಾಲಕ್ಕ ತಗೊಂಡಿದ್ವಿ, ಹಂಗ ಬಿದ್ದೈತಿ. ಎರಡು ವಾರ ಇಟ್ಕೊಳ್ರಿ, ನೋಡ್ರಿ’ ಎಂದರು.

ಅಂಗೈಯಗಲದ ಡಬ್ಬಿ

ಅದು ಪೋರ್ಟಬಲ್ ಸ್ಪೀಕರ್‌ಫೋನ್. ಹೆಸರಿನಲ್ಲಿ ಫೋನ್ ಇದ್ದರೂ ಅದರಲ್ಲಿ ಸಿಮ್ ಇಲ್ಲ. ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪಿಗೋ ಬ್ಲೂಟೂತ್‌ನಿಂದ ಮೊಬೈಲಿಗೋ ಜೋಡಿಸಬೇಕು. ಒಳಗೆ ಬ್ಯಾಟರಿ, ಮೊಬೈಲಿನದಕ್ಕಿಂತ ದೊಡ್ಡ ಸ್ಪೀಕರ್, ಸುತ್ತಲಿನ ಮಾತು ಹಿಡಿಯುವ ಮೈಕು, ಜೊತೆಗೆ ಶಬ್ದವನ್ನು ಸೋಸುವ ಒಂದು ಚಿಪ್. ಮೇಲೆ ಕರೆ ತೆಗೆದುಕೊಳ್ಳುವ, ದನಿ ಏರಿಳಿಸುವ, ಮ್ಯೂಟ್ ಮಾಡುವ ಗುಂಡಿಗಳು. ಜಾಬ್ರಾ, ಪಾಲಿ, ಯಮಾಹಾ, ಆಂಕರ್ ಮುಂತಾದ ಕಂಪನಿಗಳು ಇಂಥವನ್ನು ಮಾಡುತ್ತವೆ.

ಮೊಬೈಲಿನ ಸ್ಪೀಕರ್ ಇರುವಾಗ ಇದೇಕೆ? ಮೊಬೈಲ್ ಇರುವುದು ಮುಖ್ಯವಾಗಿ ಬಾಯಿಯ ಹತ್ತಿರ ಹಿಡಿದು ಮಾತನಾಡಲು. ಮೇಜಿನ ಮೇಲಿಟ್ಟು ನಾಲ್ವರು ಸುತ್ತ ಕುಳಿತರೆ ಹತ್ತಿರದವನ ಮಾತು ಜೋರಾಗಿ, ದೂರದವನ ಮಾತು ಪಿಸುಮಾತಾಗಿ ಹೋಗುತ್ತದೆ. ಬಯಲಿನಲ್ಲಾದರೆ ದೂರ ಎರಡರಷ್ಟಾದಾಗ ದನಿಯ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಂದರೆ ಅರ್ಧ ಮೀಟರ್ ದೂರ ಕುಳಿತವನಿಗೂ ಎರಡು ಮೀಟರ್ ದೂರ ಕುಳಿತವಳಿಗೂ 12 ಡೆಸಿಬಲ್ ಅಂತರ. ಮೆಲುದನಿಯವಳೇ ದೂರ ಕುಳಿತರೆ ಹೇಳುವುದೇ ಬೇಡ.

ಇನ್ನೊಂದು ತೊಂದರೆ ಪ್ರತಿಧ್ವನಿ. ಆ ಕಡೆಯವರ ಮಾತು ನಮ್ಮ ಸ್ಪೀಕರ್‌ನಿಂದ ಹೊರಬಂದು ನಮ್ಮದೇ ಮೈಕಿಗೆ ಹೊಕ್ಕು ಅವರಿಗೇ ವಾಪಸು ಹೋಗುತ್ತದೆ. ಇದನ್ನು ತಡೆಯಲು ಕೆಲವು ಅಗ್ಗದ ಸಾಧನಗಳು ಸುಲಭದ ದಾರಿ ಹಿಡಿಯುತ್ತವೆ: ಅವರು ಮಾತನಾಡುವಾಗ ನಮ್ಮ ಮೈಕನ್ನು ತಗ್ಗಿಸಿಬಿಡುತ್ತವೆ. ನಾವು ನಡುವೆ ‘ಸರ್, ಅದು ಹಾಗಲ್ಲ’ ಎಂದರೆ ಆ ಮಾತು ಅಲ್ಲೇ ಸಾಯುತ್ತದೆ. ಒಳ್ಳೆಯ ಸ್ಪೀಕರ್‌ಫೋನ್ ಎರಡೂ ಕಡೆಯ ಮಾತನ್ನು ಒಟ್ಟಿಗೆ ಬಿಡುತ್ತದೆ, ಪ್ರತಿಧ್ವನಿಯನ್ನು ಮಾತ್ರ ಕಳೆಯುತ್ತದೆ.

ಈ ಕಳೆಯುವ ಲೆಕ್ಕದ ಹಿಂದೆ ನಮ್ಮ ರಾಜ್ಯದ ನಂಟೂ ಇದೆ. 1965ರಲ್ಲಿ ‘ಅರ್ಲಿ ಬರ್ಡ್’ ಉಪಗ್ರಹ ಹಾರಿದ ಮೇಲೆ ದೂರವಾಣಿ ಮಾತು ಸುಮಾರು 36,000 ಕಿ.ಮೀ. ಎತ್ತರಕ್ಕೆ ಹೋಗಿ ಇಳಿಯತೊಡಗಿತು. ಮಾತನಾಡಿದವರಿಗೆ ತಮ್ಮದೇ ದನಿ ಸುಮಾರು ಅರ್ಧ ಸೆಕೆಂಡ್ ತಡವಾಗಿ ಮರಳಿ ಕೇಳಿಸಿದರೆ ಮಾತು ಮುಂದುವರಿಯುವುದೇ ಕಷ್ಟ. ಆ ಪ್ರತಿಧ್ವನಿಯನ್ನು ತಾನೇ ಕಲಿತು ಅಳಿಸುವ ವಿಧಾನದ ಬಗ್ಗೆ 1967ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ ಪ್ರಬಂಧ ಬರೆದವರು ಮನ್ ಮೋಹನ್ ಸೋಂಧಿ. ಅವರು 1950ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಸರಳವಾಗಿ ಹೇಳುವುದಾದರೆ, ಸ್ಪೀಕರ್‌ಗೆ ಏನು ಹೋಯಿತೆಂದು ಯಂತ್ರಕ್ಕೆ ಗೊತ್ತಿರುತ್ತದೆ. ಅದು ಕೋಣೆಯಲ್ಲಿ ತಿರುಗಾಡಿ ಮೈಕಿಗೆ ಹೇಗೆ ಬಂದೀತೆಂದು ಅಂದಾಜು ಮಾಡಿ ಅಷ್ಟನ್ನು ಕಳೆಯುತ್ತದೆ. ಅಂದಾಜು ತಪ್ಪಿದರೆ ತಿದ್ದಿಕೊಂಡು ಮತ್ತೆ ಕಳೆಯುತ್ತದೆ. ಸಿಗ್ನಲ್ ಪ್ರೊಸೆಸಿಂಗ್ ಪುಸ್ತಕದಲ್ಲಿ ‘ಅಡಾಪ್ಟಿವ್ ಫಿಲ್ಟರ್’ ಎಂದು ಓದಿ, ಎಂಟು ಅಂಕದ ಪ್ರಶ್ನೆಗೆ ಉತ್ತರ ಬರೆದು ಮರೆತದ್ದು ಇದನ್ನೇ.

ನಾಲ್ಕು ಊರು, ಒಂದು ಪರೀಕ್ಷೆ

ಎರಡು ವಾರ ಸಮಯವಿತ್ತು. ಸಾಧನವನ್ನು ನಾಲ್ಕೂ ಊರಿಗೆ ಒಯ್ದು ನೋಡೋಣ ಎಂದೆವು. ಪರೀಕ್ಷೆ ಸರಳ. ಒಂದು ಕಡೆ ಒಬ್ಬರು ಸಾಧನದ ಮುಂದೆ ಇಪ್ಪತ್ತು ಇಂಗ್ಲಿಷ್ ಅಂಕಿಗಳನ್ನು ಓದಬೇಕು. ಫಿಫ್ಟೀನ್, ಫಿಫ್ಟಿ, ಥರ್ಟೀನ್, ಥರ್ಟಿ ಹೀಗೆ ಗೊಂದಲ ಆಗುವಂಥವೇ. ಇನ್ನೊಂದು ಕಡೆಯವರು ಇಯರ್‌ಫೋನ್ ಹಾಕಿಕೊಂಡು ಕೇಳಿಸಿದ್ದನ್ನು ಬರೆದುಕೊಳ್ಳಬೇಕು. ಮೊದಲು ಕೈಯಳತೆಯಲ್ಲಿ, ಆಮೇಲೆ ಕೋಣೆಯ ಆ ತುದಿಯಿಂದ. ಒಮ್ಮೆ ಸ್ಪೀಕರ್‌ಫೋನಿನಲ್ಲಿ, ಒಮ್ಮೆ ಬರೀ ಮೊಬೈಲಿನಲ್ಲಿ.

ಶುರು ಮಾಡಿದ್ದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ಗೆಳೆಯರ ಬಾಡಿಗೆ ರೂಮಿನಲ್ಲಿ. ಬೇಸಿಗೆ, ಫ್ಯಾನು ಐದರಲ್ಲಿ. ಅಚ್ಚರಿಯೆಂದರೆ ಆ ಕಡೆ ಫ್ಯಾನಿನ ಸದ್ದು ಹೆಚ್ಚುಕಡಿಮೆ ಮಾಯ. ಒಂದೇ ಸಮನೆ ಬರುವ ಸದ್ದನ್ನು ಗುರುತಿಸಿ ತೆಗೆಯುವುದು ಯಂತ್ರಕ್ಕೆ ಸುಲಭ. ಆದರೆ ಅದೇ ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದರೆ ‘ಧಪ್ ಧಪ್’ ಎಂದು ಡೊಳ್ಳು ಬಾರಿಸಿದಂತೆ ಕೇಳಿಸುತ್ತಿತ್ತು. ಆ ಸದ್ದು ಹೋಗುತ್ತಿದ್ದುದು ಮೇಜಿನ ಹಲಗೆಯ ಮೂಲಕ. ಸಾಧನದ ಕೆಳಗೆ ಒಂದು ಟವೆಲ್ ಮಡಚಿ ಇಟ್ಟೆವು, ಬಹಳಷ್ಟು ಕಡಿಮೆಯಾಯಿತು. ಖರ್ಚು ಸೊನ್ನೆ.

ಶನಿವಾರ ರೈಲು ಹತ್ತಿ ಬಾದಾಮಿಗೆ ಹೋದೆವು. ಗೆಳೆಯನ ಮನೆ ಹಳೆಯದು. ಕೆಂಪು ಕಲ್ಲಿನ ಗೋಡೆ, ಕಲ್ಲುಹಾಸಿನ ನೆಲ, ಪಡಸಾಲೆಯಲ್ಲಿ ಸಾಮಾನು ಕಡಿಮೆ. ನೋಡಲು ತಂಪು, ಕರೆಗೆ ಕಷ್ಟ. ‘ನೀವು ಬಾವ್ಯಾಗ ಕುಂತು ಮಾತಾಡಿದಂಗ ಕೇಳಸಾಕತ್ತೈತಿ’ ಎಂದ ಬಾಗಲಕೋಟೆಯಲ್ಲಿ ಕೇಳುತ್ತಿದ್ದ ಹುನಗುಂದದವ. ಕೋಣೆಯ ಆ ತುದಿಯಿಂದ ಓದಿದಾಗ ಸ್ಪೀಕರ್‌ಫೋನಿನಲ್ಲೂ ಹಲವು ಅಂಕಿಗಳು ತಪ್ಪಿದವು. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿ ಖುಷಿಪಟ್ಟವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಗಟ್ಟಿ ಗೋಡೆ ಶಬ್ದವನ್ನು ನುಂಗುವುದಿಲ್ಲ, ತಿರುಗಿಸಿ ಎಸೆಯುತ್ತದೆ. ಗುಮ್ಮಟ ದೊಡ್ಡದಾದ್ದರಿಂದ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳಿಸುತ್ತದೆ. ಸಣ್ಣ ಕೋಣೆಯಲ್ಲಿ ಅದು ಮೂಲ ಮಾತಿನ ಮೇಲೇ ಬಿದ್ದು ಕಲಸಿಹೋಗುತ್ತದೆ. ಆ ಕಡೆಯವರ ದನಿಯನ್ನು ಕಳೆಯುವ ಲೆಕ್ಕ ನಮ್ಮ ದನಿಯ ಈ ಕಲಬೆರಕೆಗೆ ಉಪಯೋಗಕ್ಕೆ ಬರುವುದಿಲ್ಲ.

ಪರಿಹಾರ ಗೆಳೆಯನ ಅಜ್ಜಿಯ ಟ್ರಂಕಿನಲ್ಲಿತ್ತು. ಹಳೆ ಸೀರೆ, ಧೋತರಗಳ ತುಂಡು ಸೇರಿಸಿ ಹೊಲಿದ ಎರಡು ದಪ್ಪ ಕೌದಿಗಳು. ಒಂದನ್ನು ಎದುರಿನ ಗೋಡೆಯ ಗೂಟಕ್ಕೆ ತೂಗುಹಾಕಿ, ಇನ್ನೊಂದನ್ನು ನೆಲಕ್ಕೆ ಹಾಸಿದೆವು. ಪದರ ಪದರವಾದ ಬಟ್ಟೆ ಶಬ್ದವನ್ನು, ಅದರಲ್ಲೂ ‘ಸ’, ‘ಶ’ದಂಥ ತೀಕ್ಷ್ಣ ಸದ್ದುಗಳ ಮರುಹೊಡೆತವನ್ನು ನುಂಗುತ್ತದೆ. ಮತ್ತೆ ಓದಿದಾಗ ತಪ್ಪಿದ್ದು ಒಂದೇ ಒಂದು ಅಂಕಿ. ಅದೂ ಮಂಗಗಳ ದಯೆಯಿಂದ. ಬಾದಾಮಿಯ ಮಂಗಗಳಿಗೆ ಯಾವ ಮ್ಯೂಟ್ ಗುಂಡಿಯೂ ಇಲ್ಲ. ಪಕ್ಕದ ಮನೆಯ ತಗಡಿನ ಮೇಲೆ ಅವು ಜಿಗಿದ ಸದ್ದು ಆ ಕಡೆಗೆ ಸ್ಪಷ್ಟವಾಗಿ ತಲುಪಿತ್ತು.

ಹುನಗುಂದದಲ್ಲಿ ಗೆಳೆಯನ ಕಾಕಾ ಅವರ ಕಿರಾಣಿ ಅಂಗಡಿ ಇರುವುದು ಲಾರಿಗಳು ಓಡಾಡುವ ರಸ್ತೆಯ ಬದಿ. ರಜೆಯಲ್ಲಿ ಅವನು ಕೂರುವುದು ಅಲ್ಲೇ, ಕರೆ ಬರುವುದೂ ಅಲ್ಲೇ. ಇಲ್ಲಿ ಸ್ಪೀಕರ್‌ಫೋನ್ ಸೋತಿತು. ಸುತ್ತಲಿನ ಎಲ್ಲ ಮಾತನ್ನು ಹಿಡಿಯುವುದೇ ಅದರ ಗುಣ. ಗಿರಾಕಿಯ ‘ಅರ್ಧ ಕೇಜಿ ಬೆಲ್ಲ ಕೊಡ್ರಿ’ ಎಂಬುದನ್ನೂ ಅದು ಅಷ್ಟೇ ಶ್ರದ್ಧೆಯಿಂದ ಹಿಡಿಯಿತು. ಲಾರಿಯ ಹಾರ್ನ್ ಬಂದಾಗ ಹಾರ್ನನ್ನು ಅದುಮುವ ಭರದಲ್ಲಿ ಮಾತನ್ನೂ ಅದುಮಿತು. ಇನ್ನೊಂದು ವಿಷಯ ಅಲ್ಲೇ ಹೊಳೆಯಿತು. ಆ ಕಡೆಯವರು ನಿಮ್ಮ ಬ್ಯಾಕ್‌ಲಾಗ್ ಎಷ್ಟು ಎಂದು ಕೇಳಿದರೆ ಅದು ಇಡೀ ಅಂಗಡಿಗೆ ಕೇಳಿಸುತ್ತದೆ! ಅದೇ ಜಾಗದಲ್ಲಿ ಮೈಕಿರುವ ಸಾಧಾರಣ ವೈರ್ ಇಯರ್‌ಫೋನ್ ಎಷ್ಟೋ ಚೆನ್ನಾಗಿ ಕೆಲಸ ಮಾಡಿತು. ಅದರ ಮೈಕು ಬಾಯಿಯ ಹತ್ತಿರವೇ ಇರುತ್ತದಲ್ಲ, ಅಷ್ಟೇ ಗುಟ್ಟು.

ಕೊನೆಗೆ ಇಳಕಲ್. ಗೆಳತಿಯ ಮನೆಯಲ್ಲಿ ಎರಡು ಕುಣಿ ಮಗ್ಗ. ಒಂದರಲ್ಲಿ ಅವಳ ಅವ್ವ ಕೂರುತ್ತಾರೆ. ‘ಇದೇನವ್ವಾ, ರೊಟ್ಟಿ ಬುಟ್ಟಿ ಮುಚ್ಚಳ ಇದ್ದಂಗೈತಿ’ ಎಂದು ಸಾಧನ ನೋಡಿ ನಕ್ಕರು. ಮಗ್ಗ ನಡೆಯುವಾಗ ಪರೀಕ್ಷೆ ಮಾಡಿದೆವು. ಫ್ಯಾನಿನ ಸದ್ದು ತೆಗೆದ ಯಂತ್ರ ಮಗ್ಗದ ‘ಖಟ್ ಖಟ್’ ಮುಂದೆ ಸುಮ್ಮನಾಯಿತು. ತಟ್ಟನೆ ಬಂದು ತಟ್ಟನೆ ನಿಲ್ಲುವ ಸದ್ದನ್ನು ಮಾತಿನಿಂದ ಬೇರ್ಪಡಿಸುವುದು ಅದಕ್ಕೆ ಕಷ್ಟ. ಗೆಳತಿ ಮನೆಯಿಂದ ಕರೆ ಮಾಡಿದಾಗೆಲ್ಲ ಅವಳ ಮಾತು ತುಂಡುತುಂಡಾಗುತ್ತಿದ್ದುದು ಏಕೆಂದು ಆಗ ತಿಳಿಯಿತು. ‘ನನ್ನ ಪರೀಕ್ಷಾ ಇದ್ದಾಗ ಅವ್ವ ಮಗ್ಗ ನಿಂದ್ರಸ್ತಾಳ. ಆದ್ರ ದಿನಾ ನಿಂದ್ರಸು ಅನ್ನಾಕ ಬರೂದಿಲ್ಲ’ ಎಂದಳು. ಆ ಮಗ್ಗ ನಡೆದರೇ ಅವಳ ಫೀ. ಯಾವ ಯಂತ್ರವೂ ಬಿಡಿಸಲಾಗದ ಲೆಕ್ಕ ಇದು.

ಆದರೆ ಸ್ಪೀಕರ್‌ಫೋನ್ ತನ್ನ ನಿಜವಾದ ಉಪಯೋಗ ತೋರಿಸಿದ್ದೂ ಅದೇ ಮನೆಯಲ್ಲಿ. ಸಂಜೆ ಪರಿಚಯದ ಗಿರಾಕಿಯೊಬ್ಬರು ಫೋನ್ ಮಾಡಿದರು. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನೂ ಒಡಲಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಅದು ಕೈಮಗ್ಗದ್ದೇ ಎಂದು ಹೇಗೆ ನಂಬುವುದು ಎಂಬುದು ಗಿರಾಕಿಯ ಪ್ರಶ್ನೆ. ಅವ್ವ ಎರಡೂ ಕೈಯಲ್ಲಿ ಸೀರೆ ಬಿಡಿಸಿ ಕೊಂಡಿ ಎಣಿಸುತ್ತ ವಿವರಿಸಿದರು. ಪಕ್ಕದ ಮಗ್ಗದ ಚಿಗವ್ವ ನಡುವೆ ಬಾಯಿ ಹಾಕಿ ದಡಿಯ ಬಗ್ಗೆ ಹೇಳಿದರು. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಳ್ಳಬೇಕಿರಲಿಲ್ಲ, ಒಬ್ಬರಿಂದ ಒಬ್ಬರಿಗೆ ದಾಟಿಸಬೇಕಿರಲಿಲ್ಲ. ಇಬ್ಬರ ಮಾತೂ ಗಿರಾಕಿಗೆ ಕೇಳಿಸಿತು. ಸಾಮಾನ್ಯವಾಗಿ ಮನೆಯ ಹೊರಗಿನವರು ಯಾರೋ ಮಾತನಾಡಿ ಮುಗಿಸುವ ವ್ಯವಹಾರದಲ್ಲಿ ನೇಯ್ದವರೇ ಮಾತನಾಡಿದರು.

ಮತ್ತೆ ಬಂತು ಕರೆ

ಎರಡನೇ ಮಾತುಕತೆಗೆ ಮೇಡಂ ಗ್ರಂಥಾಲಯದ ಪಕ್ಕದ ಸಣ್ಣ ಕೋಣೆ ಕೊಡಿಸಿದರು. ಕಿಟಕಿಗೆ ಪರದೆ ಇತ್ತು, ಮೇಜಿನ ಮೇಲೆ ಮಡಚಿದ ಟವೆಲ್, ಹಿಂದಿನ ಗೋಡೆಗೆ ಬಾದಾಮಿಯಿಂದ ತಂದ ಕೌದಿ. ಬ್ಲೂಟೂತ್ ಬಿಟ್ಟು ಯುಎಸ್‌ಬಿ ಕೇಬಲ್‌ನಿಂದಲೇ ಲ್ಯಾಪ್‌ಟಾಪಿಗೆ ಜೋಡಿಸಿದೆವು. ಗೆಳತಿ ಸಾಧನಕ್ಕೆ ಎಲ್ಲರಿಗಿಂತ ಹತ್ತಿರ ಕುಳಿತಳು. ಪ್ರತಿಯೊಬ್ಬರೂ ಮಾತು ಶುರು ಮಾಡುವ ಮೊದಲು ಹೆಸರು ಹೇಳಬೇಕು ಎಂದು ನಮ್ಮಲ್ಲೇ ನಿಯಮ ಮಾಡಿಕೊಂಡೆವು. ಕಾಣಿಸದ ನಾಲ್ವರಲ್ಲಿ ಯಾರು ಮಾತನಾಡಿದರೆಂದು ಕೇಳುವವರಿಗೆ ಹೇಗೆ ಗೊತ್ತಾಗಬೇಕು?

ಈ ಸಲ ಅವಳಿಗೆ ಪ್ರಶ್ನೆಗಳ ಮೇಲೆ ಪ್ರಶ್ನೆ ಬಂದವು. ಒಂದು ಹಂತದಲ್ಲಿ ಅವರು ಏನೋ ಹೇಳುತ್ತಿದ್ದಾಗ ಅವಳು ನಡುವೆಯೇ, ‘ಸಾರಿ ಸರ್, ಆ ಮಿತಿ ಫಿಫ್ಟೀನ್, ಒನ್ ಫೈವ್’ ಎಂದಳು. ಆ ಕಡೆಯ ಮಾತು ನಿಂತಿತು. ‘ಓಕೆ, ಒನ್ ಫೈವ್. ಗೋ ಅಹೆಡ್’ ಎಂಬ ಉತ್ತರ ಬಂತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಇಂಟರ್ನ್‌ಶಿಪ್ ಸಿಕ್ಕಿದ್ದು ಅವಳಿಗೆ ಮತ್ತು ಹುನಗುಂದದ ಗೆಳೆಯನಿಗೆ. ನನಗೆ ಸಿಗಲಿಲ್ಲ. ಸರ್ಕ್ಯೂಟ್ ವಿನ್ಯಾಸದ ಬಗ್ಗೆ ಇನ್ನೂ ಆಳವಾಗಿ ಓದಬೇಕು ಎಂದು ಬರೆದಿದ್ದರು. ಬೇಸರವಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಸಾಲನ್ನು ಎರಡು ಸಲ ಓದಿದ ಮೇಲೆ ಗೆಳತಿ ಅಂದು ಕೇಳಿದ್ದರ ಅರ್ಥ ಪೂರ್ತಿ ತಿಳಿಯಿತು. ನನ್ನ ಮಾತು ಪೂರ್ತಿ ಕೇಳಿಸಿಕೊಂಡು ಬೇಡ ಎಂದಿದ್ದಾರೆ. ತಿದ್ದಿಕೊಳ್ಳಲು ನನಗೊಂದು ಜಾಗ ಸಿಕ್ಕಿದೆ. ಕೇಳಿಸಿಕೊಳ್ಳದೆ ಬೇಡ ಎಂದರೆ ಅದೂ ಸಿಗುವುದಿಲ್ಲ.

ಕೊಳ್ಳಬೇಕೇ?

ಒಬ್ಬರೇ ಸಂದರ್ಶನಕ್ಕೆ ಕೂರುವವರಾದರೆ ಬೇಡ. ಹೆಸರಾಂತ ಕಂಪನಿಯ ಸ್ಪೀಕರ್‌ಫೋನಿಗೆ ಹಲವು ಸಾವಿರ ರೂಪಾಯಿ ಬೇಕು. ವೈರ್ ಇಯರ್‌ಫೋನ್ ಮತ್ತು ಬಾಗಿಲು ಹಾಕಿದ ಕೋಣೆ ಸಾಕು. ತಂಡವಾಗಿ ಕೂರುವವರಿಗೆ ಮಾತ್ರ ಇದು ನಿಜಕ್ಕೂ ಉಪಯುಕ್ತ. ಸಾಧನ ಯಾವುದೇ ಇರಲಿ, ಎರಡು ವಾರದಲ್ಲಿ ನಾವು ಕಲಿತ ಇಷ್ಟನ್ನು ನೆನಪಿಡಿ:

• ಮೊದಲು ಕೋಣೆ, ಆಮೇಲೆ ದೂರ, ಕೊನೆಗೆ ಯಂತ್ರ. ಹಾಸಿಗೆ, ಪರದೆ, ಬಟ್ಟೆ ಇರುವ ಕೋಣೆ ಖಾಲಿ ಕೋಣೆಗಿಂತ ಒಳ್ಳೆಯದು.

• ಮೆಲುದನಿಯವರನ್ನು ಮೈಕಿನ ಹತ್ತಿರ ಕೂರಿಸಿ. ಜೋರಾಗಿ ಮಾತನಾಡುವವರು ಹಿಂದೆ ಕುಳಿತರೂ ನಡೆಯುತ್ತದೆ.

• ನಿಮ್ಮದೇ ದನಿ ನಿಮಗೆ ಮರಳಿ ಕೇಳಿಸಿದರೆ ಗಾಬರಿಯಾಗಬೇಡಿ. ಬಹುತೇಕ ತೊಂದರೆ ಇರುವುದು ಆ ಕಡೆಯ ಸ್ಪೀಕರ್ ಮತ್ತು ಮೈಕಿನ ನಡುವೆ. ವಿನಯದಿಂದ ಹೇಳಿ.

• ಒಂದೇ ಕೋಣೆಯಲ್ಲಿ ಎರಡು ಸಾಧನಗಳಿಂದ ಒಂದೇ ಕರೆಗೆ ಸೇರಬೇಡಿ. ಸೇರಲೇಬೇಕಾದರೆ ಒಂದರ ಮೈಕು, ಸ್ಪೀಕರ್ ಎರಡನ್ನೂ ಆಫ್ ಮಾಡಿ. ಇಲ್ಲದಿದ್ದರೆ ಕಿವಿ ಕಿತ್ತುಹೋಗುವ ಶಿಳ್ಳೆ ಗ್ಯಾರಂಟಿ.

• ಅಂಕಿಗಳನ್ನು ಬಿಡಿಸಿ ಹೇಳಿ. ‘ಫಿಫ್ಟೀನ್, ಒನ್ ಫೈವ್’ ಎಂದರೆ ಯಾರಿಗೂ ಗೊಂದಲವಿಲ್ಲ.

• ಹಿಂದಿನ ದಿನ ಗೆಳೆಯನಿಗೆ ಅದೇ ಕೋಣೆಯಿಂದ, ಅದೇ ಹೊತ್ತಿಗೆ ಕರೆ ಮಾಡಿ ಇಪ್ಪತ್ತು ಅಂಕಿ ಓದಿ. ಎಷ್ಟು ತಪ್ಪುತ್ತವೆ ನೋಡಿ.

ಇನ್ನು ಕಾಲೇಜುಗಳಿಗೊಂದು ಮನವಿ. ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟಂತೆ ಪ್ಲೇಸ್‌ಮೆಂಟ್ ವಿಭಾಗದಲ್ಲಿ ಒಂದೆರಡು ಸ್ಪೀಕರ್‌ಫೋನ್, ಕರೆಗೆಂದೇ ಒಂದು ಶಾಂತವಾದ ಕೋಣೆ ಇಡಿ. ಮನೆಯಲ್ಲಿ ಮಗ್ಗ ನಿಲ್ಲಿಸಲಾಗದವರಿಗೆ, ಅಂಗಡಿಯಲ್ಲಿ ಕೂರಲೇಬೇಕಾದವರಿಗೆ, ರೂಮಿನಲ್ಲಿ ಐದು ಜನರೊಂದಿಗೆ ಇರುವವರಿಗೆ ಆ ಕೋಣೆ ಬೇಕು. ಎಷ್ಟೋ ಕಾಲೇಜುಗಳ ಕಪಾಟಿನಲ್ಲಿ ಲಾಕ್‌ಡೌನ್ ಕಾಲದ ಸಾಧನಗಳು ಈಗಲೂ ದೂಳು ತಿನ್ನುತ್ತಿರಬಹುದು. ನಮ್ಮ ಮೇಡಂ ನಮ್ಮದನ್ನು ವಾಪಸು ಕಪಾಟಿಗೆ ಇಡಲಿಲ್ಲ. ಒಂದು ಹಳೆ ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದು, ಒಯ್ದವರ ಹೆಸರು, ತಾರೀಕು ಬರೆಯಲು ಹೇಳಿದರು. ಈಗ ಅದರಲ್ಲಿ ಹನ್ನೊಂದು ಹೆಸರುಗಳಿವೆ. ಹನ್ನೆರಡನೆಯದು ನನ್ನದು, ಮುಂದಿನ ವಾರ ಇನ್ನೊಂದು ಸಂದರ್ಶನವಿದೆ.